ಇರುಳಾಯಿ ಹೊತ್ತ ಪೆರುಂಬಾರಂ

ನಮ್ಮ ಕರಿಸಲ್‌ಕುಳದಲ್ಲಿ ಭಾರವನ್ನು ಯಾರೂ ತಕ್ಕಡಿಗೆ ಹಾಕಿ ನೋಡುವುದಿಲ್ಲ. ಒಬ್ಬರೇ ನೆಲದಿಂದ ಎತ್ತಿ ತಲೆಗೇರಿಸಿಕೊಂಡು, ಒಬ್ಬರೇ ಇಳಿಸಲು ಆಗುವಂಥದ್ದು ಸುಮೈ, ಅಂದರೆ ಬರೀ ಹೊರೆ. ಎತ್ತುವುದಕ್ಕೋ ಇಳಿಸುವುದಕ್ಕೋ ಇನ್ನೊಬ್ಬರ ಕೈ ಬೇಕಾಯಿತೆಂದರೆ ಅದು ಪೆರುಂಬಾರಂ. ಪುಟ್ಟ ಹುಡುಗಿಗೆ ಒಂದು ಕೊಡ ನೀರೇ ಪೆರುಂಬಾರಂ, ಗಟ್ಟಿ ಆಳಿಗೆ ಭತ್ತದ ಮೂಟೆಯೂ ಸುಮೈ. ಇದು ನಮ್ಮ ಲೆಕ್ಕ. ಸರಕಾರದ ಲೆಕ್ಕ ಬೇರೆ ಇರಬಹುದು, ಅದು ನಮಗೆ ಯಾವತ್ತೂ ಉಪಯೋಗಕ್ಕೆ ಬಂದಿಲ್ಲ.

ಈ ಮಾತು ನಮ್ಮಲ್ಲಿ ಅಗ್ಗವಾಗಿ ಓಡಾಡುತ್ತದೆ. ಕಮುದಿ ಬಸ್ಸಿನ ಕಂಡಕ್ಟರು ಸಂತೆಯ ದಿನ ಬಾಗಿಲಲ್ಲಿ ನೇತಾಡುವವರಿಗೆ, "ಪೆರುಂಬಾರಂ ಕಣ್ರೋ, ಇನ್ನೊಂದು ಕೋಳಿ ಹತ್ತಿದ್ರೂ ಗಾಡಿ ಗದ್ದೇಗೆ ಇಳೀತದೆ" ಎಂದು ಕೂಗುತ್ತಾನೆ. ಮದುವೆ ಊಟದಲ್ಲಿ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡು ಏಳಲಾರದೆ ಕೂತವನನ್ನು ನೋಡಿ, "ಯಾರಾದ್ರೂ ಬಂದು ಎತ್ರಪ್ಪಾ, ಪೆರುಂಬಾರಂ" ಎಂದು ನಗುತ್ತಾರೆ. ನನ್ನ ಅಕ್ಕ ಮಕ್ಕಳನ್ನೆಲ್ಲ ಕಟ್ಟಿಕೊಂಡು ಬೇಸಗೆ ಕಳೆಯಲು ಬಂದಿಳಿದಾಗ ನನ್ನ ಹೆಂಡತಿ ಮಾರಿಯಾಯಿ ಒಲೆಯ ಮುಂದೆ ಕೂತು ಅದೇ ಮಾತು ಹೇಳಿದ್ದಳು, ನನಗೆ ಕೇಳಲೆಂದೇ ಸ್ವಲ್ಪ ಜೋರಾಗಿ. ಊರಿನಲ್ಲಿ ಈ ಮಾತು ಆಡದೆ ದಿನ ಕಳೆದವರು ಸಿಕ್ಕುವುದಿಲ್ಲ. ಇರುಳಾಯಿಯಕ್ಕನ ಬಾಯಲ್ಲಿ ಮಾತ್ರ ನಾನು ಅದನ್ನು ಕೇಳಿಲ್ಲ.

ನನ್ನದು ಟೀ ಅಂಗಡಿ. ಸೀಮೆಜಾಲಿಯ ಕಾಡಿನಿಂದ ಬರುವ ಕಾಲುದಾರಿ ಕಮುದಿ ರಸ್ತೆಗೆ ಸೇರುವ ಕಡೆ, ಹುಣಿಸೆ ಮರದ ಕೆಳಗೆ. ಒಂದು ಕಾಲದಲ್ಲಿ ಆ ದಾರಿಯಲ್ಲಿ ಬೆಳಗಿನ ಹೊತ್ತು ಹೆಂಗಸರ ಸಾಲು ಸೌದೆ ಹೊರೆ ಹೊತ್ತು ಬರುತ್ತಿತ್ತು. ಜಾಲಿ ಕಡಿದು, ಮುಳ್ಳು ಸವರಿ, ಉದ್ದುದ್ದ ಕಟ್ಟಿ, ಕಮುದಿಯ ಹೋಟೆಲುಗಳಿಗೂ ಇಟ್ಟಿಗೆ ಗೂಡುಗಳಿಗೂ ಹಾಕುತ್ತಿದ್ದರು. ಹೊರೆ ತಲೆಗೇರಿಸಿಕೊಳ್ಳುವುದಕ್ಕೆ ಒಬ್ಬರಿಗೊಬ್ಬರು ಬೇಕು. ಇವಳು ಅವಳಿಗೆ ಎತ್ತಿಕೊಡುತ್ತಾಳೆ, ಇನ್ನೊಬ್ಬಳು ಇವಳಿಗೆ. ಆದರೆ ಎಷ್ಟೇ ಜನರಿರಲಿ, ಎಲ್ಲರಿಗೂ ಎತ್ತಿಕೊಟ್ಟ ಮೇಲೆ ಕೊನೆಗೆ ಒಬ್ಬಳು ಉಳಿಯುತ್ತಾಳಲ್ಲ, ಅವಳಿಗೆ ಎತ್ತಿಕೊಡುವವರಿಲ್ಲ. ತಲೆ ಮೇಲೆ ಹೊರೆ ಇರುವವರು ಬಗ್ಗುವ ಹಾಗಿಲ್ಲ. ಆ ಕೊನೆಯವಳು ಹೊರೆಯನ್ನು ಮರಕ್ಕೆ ಒರಗಿಸಿ ನಿಲ್ಲಿಸಿ, ಕುಕ್ಕರುಗಾಲಲ್ಲಿ ಅದರ ಅಡಿಗೆ ತಲೆ ಕೊಟ್ಟು, ಒಂದು ಉಸಿರಲ್ಲಿ ಏಳಬೇಕು.

ನಮ್ಮ ಸಾಲಿನಲ್ಲಿ ಆ ಕೊನೆಯವಳು ಯಾವಾಗಲೂ ಇರುಳಾಯಿ. ಎತ್ತರದ ಹೆಂಗಸು, ಒಣಗಿದ ಮೈ, ತಾಳೆಮರದಂಥ ಕತ್ತು. ಗಂಡ ಹಾವು ಕಡಿದು ಸತ್ತಾಗ ಮಗಳು ಪಂಚವರ್ಣ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಅಂದಿನಿಂದ ಅವಳು ಯಾರ ಹತ್ತಿರವೂ ಏನೂ ಕೇಳಿದವಳಲ್ಲ. ಬೇರೆ ಹೆಂಗಸರು ಅಂಗಡಿಯ ಮುಂದೆ ಹೊರೆ ಇಳಿಸಿ ಟೀ ಕುಡಿದು ಗಂಡಂದಿರನ್ನು ಬಯ್ದು ಹಗುರಾಗಿ ಹೋಗುತ್ತಿದ್ದರು. ಇವಳು ನಿಂತೇ ನೀರು ಕುಡಿದು ನಡೆಯುತ್ತಿದ್ದಳು. ಜಂಬ ಅನ್ನುತ್ತಿದ್ದರು ಜನ. ನಾನೂ ಅನ್ನುತ್ತಿದ್ದೆ. ಜಂಬವೇ ಇರಲಿ, ಅದರಿಂದ ಯಾರ ಮನೆಯ ಅನ್ನ ಕಡಿಮೆಯಾಗಿತ್ತು?

ಪಂಚವರ್ಣ ತಾಯಿಯ ಹಾಗಲ್ಲ. ಕುಳ್ಳಿ, ದುಂಡು ಮುಖ, ಬಾಯಿ ಮುಚ್ಚಿದ್ದೇ ಕಾಣೆ. ತಾಯಿಯ ಹಿಂದೆ ಪುಟ್ಟದೊಂದು ಕಟ್ಟು ಹೊತ್ತು ಬರುವಾಗ ಅಂಗಡಿಯ ಮುಂದೆ ನಿಂತು, "ಸಾಮಿ ಮಾವಾ, ನಿಮ್ಮ ಟೀಗಿಂತ ನಮ್ಮ ಕೆರೆ ನೀರೇ ಕೆಂಪಗೈತೆ" ಅಂದು ಓಡುತ್ತಿದ್ದಳು. ಅವಳನ್ನು ಪಕ್ಕದೂರು ಮೇಲಕ್ಕುಡಿಯ ಸೇವುಗನಿಗೆ ಕೊಟ್ಟರು. ಹುಡುಗ ಕೆಟ್ಟವನಲ್ಲ. ತಾಯಿ ಗುರುವಮ್ಮ ಮುಂದೆ ಬಂದು ನಿಂತರೆ ಅವನ ನಾಲಗೆ ಮಾತ್ರ ಬಾಯೊಳಗೆ ಹುದುಗಿಕೊಳ್ಳುತ್ತಿತ್ತು, ಅಷ್ಟೆ.

ಮದುವೆಯಾದ ಮರುವರ್ಷವೇ ಪಂಚವರ್ಣ ತುಂಬು ಬಸುರಿ. ಸೇವುಗನ ತಮ್ಮನ ಮದುವೆ ಎದುರಿಗಿತ್ತು. ಚಪ್ಪರಕ್ಕೆ, ಅಡಿಗೆಗೆ, ನೆಂಟರಿಗೆ ಎಂದು ಕೆರೆಯಿಂದ ನೀರು ಹೊರಬೇಕಿತ್ತು, ಆ ಮನೆಯಲ್ಲಿ ಹೊರುವವಳು ಸೊಸೆ. ಕೆರೆಯ ಏರಿಯ ಮೇಲೆ ಕೊಡದ ಸಮೇತ ಬಿದ್ದಳು. ವ್ಯಾನಿನಲ್ಲಿ ಹಾಕಿಕೊಂಡು ಕಮುದಿಗೆ ಹೊರಟರು, ಅರ್ಧ ದಾರಿಯಲ್ಲಿ ಜೀವ ಹೋಯಿತು. ವ್ಯಾನು ಅಲ್ಲಿಂದಲೇ ತಿರುಗಿತು.

ಇರುಳಾಯಿಗೆ ಸುದ್ದಿ ಮುಟ್ಟಿ ಅವಳು ಮೇಲಕ್ಕುಡಿಗೆ ಹೋಗುವಷ್ಟರಲ್ಲಿ ಹೆಣಕ್ಕೆ ಸ್ನಾನವಾಗಿ ಬಟ್ಟೆ ಸುತ್ತಿ ಮಲಗಿಸಿದ್ದರು. ನಾನೂ ಹೋಗಿದ್ದೆ. ಗುರುವಮ್ಮ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಮಗೂನ ಬೇರೆ ಮಾಡ್ಸಿದೀವಿ. ಸೂಲಗಿತ್ತಿ ಬಂದು ಇಳಿಸಿಯೇ ಹೋದ್ಲು. ಹುಡುಗಿ ಹಗುರಾಗೇ ಹೋದ್ಲು." ಅವಳು ಹಾಗೆ ಸಾರಿ ಸಾರಿ ಹೇಳಿದ್ದು ಯಾಕೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸುರಿ ಹೊಟ್ಟೆಯಲ್ಲಿರುವುದನ್ನು ಹೊತ್ತುಕೊಂಡೇ ಸತ್ತರೆ ಅವಳಿಗೆ ಆ ಲೋಕದಲ್ಲೂ ಹೊರೆ ಇಳಿಯುವುದಿಲ್ಲ. ಅದಕ್ಕೆ ಅವಳ ಹೆಸರಿನಲ್ಲಿ ದಾರಿ ಬದಿಗೆ ಸುಮೈತಾಂಗಿ ನಿಲ್ಲಿಸುತ್ತಾರೆ: ಎರಡು ನಿಲುಗಲ್ಲು, ಮೇಲೊಂದು ಅಡ್ಡಗಲ್ಲು, ಆಳಿನ ಹೆಗಲೆತ್ತರ. ದಾರಿಹೋಕರು ಯಾರ ಸಹಾಯವೂ ಇಲ್ಲದೆ ತಲೆಯ ಹೊರೆಯನ್ನು ಅದರ ಮೇಲೆ ಸರಿಸಿ ದಣಿವಾರಿಸಿಕೊಳ್ಳಬಹುದು. ಮೊದಲ ಹೊರೆಯನ್ನು ಗಂಡ ಹೊತ್ತು ತಂದು ಇಳಿಸಬೇಕು. ಆಗ ಅವಳದೂ ಇಳಿಯುತ್ತದೆ.

ಕಲ್ಲು ನಿಂತರೆ ಇನ್ನೊಂದೂ ಆಗುತ್ತದೆ. ಹೋಗಿ ಬರುವವರೆಲ್ಲ "ಇದು ಯಾರ ಕಲ್ಲು?" ಅನ್ನುತ್ತಾರೆ. ಯಾವ ಮನೆಯ ಸೊಸೆ, ಯಾವ ತಿಂಗಳು, ಏನು ಹೊರುತ್ತಿದ್ದಾಗ ಬಿದ್ದಳು, ಎಲ್ಲ ಹೊರಗೆ ಬರುತ್ತದೆ. ಅಂಥ ಮನೆಗೆ ಎರಡನೆಯ ಹೆಣ್ಣು ಕೊಡುವವರು ಯೋಚನೆ ಮಾಡುತ್ತಾರೆ. ಗುರುವಮ್ಮನಿಗೆ ಮಗನ ವಯಸ್ಸು ಗೊತ್ತಿತ್ತು.

ಸತ್ತ ಹೆಣ್ಣಿಗೆ ಹುಟ್ಟಿದ ಮನೆಯಿಂದ ಹೊಸ ಸೀರೆ ತಂದು ಹೊದಿಸಬೇಕು. ಇರುಳಾಯಿ ಸೀರೆ ಬಿಡಿಸಿ, ಕುತ್ತಿಗೆಯಿಂದ ಕೆಳಗೆ ಸವರುತ್ತಾ ಬಂದಳು. ಹೊಟ್ಟೆಯ ಹತ್ತಿರ ಅವಳ ಅಂಗೈ ನಿಂತಿತು. ನಾನು ಗಂಡಸರ ಸಾಲಿನಲ್ಲಿ ಎದುರಿಗೇ ನಿಂತಿದ್ದೆ, ಆ ಕೈ ನೋಡಿದೆ. ಅವಳು ತಲೆ ಎತ್ತಿ ಅಳಿಯನನ್ನು ನೋಡಿದಳು. ಸೇವುಗ ಗೋಡೆ ನೋಡಿದ.

ಆಮೇಲೆ ಪಂಚಾಯಿತಿ ಕೂಡಿತು, ಮೇಲಕ್ಕುಡಿಯ ಬೇವಿನ ಮರದ ಕೆಳಗೆ. ಇರುಳಾಯಿ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು.

"ನನ್ನ ಮಗಳು ಹೊತ್ಕೊಂಡೇ ಹೋಗವಳೆ. ಕಲ್ಲು ನಿಲ್ಸಿ."

"ಇಳಿಸಿದೀವಿ ಅಂತ ಸಾವಿನ ಮನೇಲೇ ಹೇಳಿಲ್ವಾ?" ಗುರುವಮ್ಮ ಎದ್ದು ನಿಂತಳು. "ಹೊರಲಾರದ್ದು ನಾವೇನು ಹೊರಿಸಿಲ್ಲಮ್ಮಾ. ಬರೀ ನೀರು. ಮನೇಲಿ ಎಲ್ರೂ ಹೊರೋದೇ."

"ನಾನು ಕೈ ಇಟ್ಟು ನೋಡಿದೀನಿ."

"ಹೆತ್ತವಳ ಕೈ. ಏನು ಬೇಕಾದ್ರೂ ಹೇಳ್ತದೆ."

ಒಂದಿಬ್ಬರು ನಕ್ಕರು. ನನಗೆ ಮೈ ಉರಿಯಿತು. ದೊಡ್ಡವರೊಬ್ಬರು ಸೇವುಗನ ಕಡೆ ತಿರುಗಿ, "ನೀನು ಹೇಳಪ್ಪಾ, ಗಂಡ ನೀನು" ಅಂದರು. ಅವನು ತಾಯಿಯ ಮುಖ ನೋಡಿ, "ಅವ್ವ ಹೇಳ್ದಂಗೆ" ಅಂದ. ಸೂಲಗಿತ್ತಿಯನ್ನು ಕರೆಸಿ ಎಂದು ನಾನು ಕೂಗಿದೆ. ಅವಳು ಮಗಳ ಊರಿಗೆ ಹೋಗಿದ್ದಾಳಂತೆ. ಬೇರೆ ಊರಿನ ಟೀ ಅಂಗಡಿಯವನಿಗೆ ಇಲ್ಲೇನು ಕೆಲಸ ಎಂದೂ ಯಾರೋ ಕೇಳಿದರು. ಮಾತು ಅಲ್ಲಿಗೆ ಮುಗಿಯಿತು. ಆರು ತಿಂಗಳಲ್ಲಿ ಸೇವುಗನಿಗೆ ಇನ್ನೊಂದು ಮದುವೆಯೂ ಆಯಿತು.

ಇರುಳಾಯಿ ಬೈಯಲಿಲ್ಲ, ಮಣ್ಣು ತೂರಲಿಲ್ಲ. ಒಂದು ಮಧ್ಯಾಹ್ನ ಅಂಗಡಿಗೆ ಬಂದು ನಿಂತು, "ಸಾಮಿ ತಮ್ಮಾ, ಕಲ್ಲು ನಾನೇ ನಿಲ್ಲಿಸ್ತೀನಿ" ಅಂದಳು.

"ತವರಿನವರು ನಿಲ್ಲಿಸೋದು ಪದ್ಧತಿ ಇಲ್ವಲ್ಲಕ್ಕಾ. ಮೊದಲ ಹೊರೆ ಯಾರು ಇಳಿಸ್ತಾರೆ?"

"ಅವನೇ ಇಳಿಸ್ಬೇಕು. ಇಳಿಸ್ತಾನೆ ಒಂದಿನ. ಅಲ್ಲೀವರೆಗೂ ಅವಳ ಹೊರೇನ ಒಂದು ಕಡೆ ನಾನು ಹಿಡ್ಕೊಂಡಿರ್ತೀನಿ. ಅವಳೊಬ್ಬಳ ಕೈಲಿ ಆಗ್ಬೇಕಲ್ಲ."

ನಿಲುಗಲ್ಲಿಗೆ ಮುರಿದುಬಿದ್ದ ಹಳೆಯ ಮೋರಿಯ ಕಲ್ಲುಗಳಾದವು. ಅಡ್ಡಗಲ್ಲಿಗೆ ತನ್ನ ಮನೆಯ ಮೆಟ್ಟಿಲು ಕಲ್ಲನ್ನೇ ಕೀಳಿಸಿದಳು. ಎತ್ತಿ ನಿಲ್ಲಿಸುವುದಕ್ಕೆ ಜನ ಬೇಕಲ್ಲ, ಊರೆಲ್ಲ ಅಲೆದಳು. ಯಾರ ಹತ್ತಿರವೂ ಹೊರೆ ಎತ್ತಿಸಿಕೊಳ್ಳದ ಹೆಂಗಸು ಮನೆ ಮನೆಯ ಮುಂದೆ ನಿಂತು ಕೇಳಿದಳು. ಮೇಲಕ್ಕುಡಿಯಲ್ಲಿ ಹೆಣ್ಣು ಕೊಟ್ಟು ತಂದ ನೆಂಟಸ್ತನ ಎಲ್ಲರಿಗೂ ಇತ್ತು. ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಬಿತ್ತನೆ. ಕೊನೆಗೆ ನನ್ನ ಅಂಗಡಿಯಲ್ಲಿ ಟೀ ಸಾಲ ಉಳಿಸಿಕೊಂಡಿದ್ದ ಮೂವರನ್ನು ಹೆದರಿಸಿ ಎಳೆದು ತಂದೆ.

ಎಡವಟ್ಟಾಗಿದ್ದು ಎತ್ತರದಲ್ಲಿ. ಅಡ್ಡಗಲ್ಲು, ಹೊರೆ ಹೊತ್ತು ನಡೆಯುವ ಆಳಿನ ಹೆಗಲಿಗೆ ಸಮನಾಗಿರಬೇಕು. ಇರುಳಾಯಿ ಒಂದು ಕೋಲು ತಂದಿದ್ದಳು. ಪಂಚವರ್ಣಳ ಮದುವೆಗೆ ಮುಂಚೆ ಅವಳನ್ನು ಬಾಗಿಲಿಗೆ ನಿಲ್ಲಿಸಿ ಹೆಗಲ ಹತ್ತಿರ ಗೀರಿದ ಗುರುತು ಇತ್ತಂತೆ, ಆ ಅಳತೆ.

"ಅಕ್ಕಾ, ಇದು ಕುಳ್ಳಾಯ್ತದೆ," ಅಂದೆ. "ತಲೆ ಮೇಲೆ ಹೊರೆ ಇರೋರು ಇಷ್ಟು ಕೆಳಕ್ಕೆ ಬಗ್ಗಕ್ಕಾಗಲ್ಲ. ಯಾರೂ ಇಳಿಸಲ್ಲ."

"ಅವಳ ಕಲ್ಲು. ಅವಳ ಹೆಗಲಿಗೇ ಇರ್ಲಿ."

"ಅವಳು ಬಂದು ಇಳಿಸ್ತಾಳೇನಕ್ಕಾ? ಇಳಿಸೋರು ನಾವು!"

"ಅವಳಿಗೆ ಎಟುಕಬೇಕು, ತಮ್ಮಾ."

ನನಗೆ ಸಿಟ್ಟು ಬಂತು. ಗುಂಡಿ ಕಡಿಮೆ ತೋಡಿ ಎಂದು ಆ ಮೂವರಿಗೆ ಕಣ್ಣು ಮಿಟುಕಿಸಿದೆ, ಅವಳು ಕೋಲು ಹಿಡಿದು ನಿಂತೇ ಇದ್ದಳು. ಕೊನೆಗೆ ಕಲ್ಲು ನಿಂತಿದ್ದು ನನ್ನ ಎದೆಗಿಂತ ಕೆಳಗೆ. ನೋಡಲು ಚೆನ್ನಾಗಿತ್ತು, ಉಪಯೋಗವಿರಲಿಲ್ಲ.

ನಾನು ಹೇಳಿದ ಹಾಗೇ ಆಯಿತು, ಆಗಬಾರದಿತ್ತು ಎಂದು ಈಗ ಅನಿಸುತ್ತದೆ. ಸೌದೆಯ ಹೆಂಗಸರು ಒಂದೆರಡು ದಿನ ನೋಡಿದರು. ಮೊಣಕಾಲು ಮಡಚಿ ಅಷ್ಟು ಕೆಳಗೆ ಇಳಿಯುವುದೆಂದರೆ ಕತ್ತು ಉಳುಕಿಸಿಕೊಳ್ಳುವ ದಾರಿ. ಮೇಲಾಗಿ ಗಂಡ ಮೊದಲ ಹೊರೆ ಇಳಿಸದ ಕಲ್ಲು. ಅದರ ಮೇಲೆ ಇಳಿಸಿದರೆ ಆ ಭಾರ ನಮಗೇ ಅಂಟಿಕೊಂಡರೆ ಎಂಬ ಭಯವೂ ಸೇರಿತು. ಕಲ್ಲಿನ ಮೇಲೆ ಓತಿಕೇತ ಕೂರತೊಡಗಿತು.

ಇರುಳಾಯಿ ಮಾತ್ರ ದಿನಾ ಇಳಿಸುತ್ತಿದ್ದಳು. ನಮ್ಮೂರಿನಲ್ಲೇ ಎತ್ತರದ ಹೆಂಗಸು, ಊರಿನಲ್ಲೇ ಕುಳ್ಳಾದ ಕಲ್ಲು. ಕಲ್ಲು ಕಮುದಿ ರಸ್ತೆಯ ಬದಿಗೆ, ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರ, ನನಗೆ ಎಲ್ಲ ಕಾಣುತ್ತಿತ್ತು. ಸೊಂಟ ನೆಟ್ಟಗೆ ಇಟ್ಟು, ಮೊಣಕಾಲು ನಿಧಾನ ಮಡಚಿ, ನಡುಗುತ್ತಾ ಇಳಿದು, ಹೊರೆಯನ್ನು ಕಲ್ಲಿಗೆ ಸರಿಸುತ್ತಿದ್ದಳು. ಆಮೇಲೆ ಸಿಂಬೆ ಬಿಚ್ಚಿ ಮುಖ ಒರೆಸಿಕೊಂಡು ಕಲ್ಲಿನ ನೆರಳಲ್ಲಿ ಕೂತು ಸಜ್ಜೆ ಗಂಜಿ ಕುಡಿಯುತ್ತಿದ್ದಳು. ಏನೋ ಮಾತಾಡುತ್ತಿದ್ದಳು ಕೂಡ. ಏಳುವುದೇ ಕಷ್ಟ. ವಯಸ್ಸಿದ್ದಾಗ ಹೇಗೋ ಎದ್ದಳು. ಬರಬರುತ್ತಾ ಅಷ್ಟು ಕೆಳಗಿನಿಂದ ಹೊರೆಯ ಸಮೇತ ಏಳುವುದು ಅವಳಿಂದ ಆಗದಾಯಿತು. ಆಗ ಕೂತಿರುತ್ತಿದ್ದಳು, ದಾರಿಯಲ್ಲಿ ಯಾರಾದರೂ ಬರುವವರೆಗೆ. ಕರೆಯುತ್ತಿರಲಿಲ್ಲ. ಬಂದವರು ತಾವಾಗಿ ನಿಂತು ಎತ್ತಿಕೊಟ್ಟರೆ ಸರಿ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ನಾನೇ ಹೋಗುತ್ತಿದ್ದೆ.

"ಸಣ್ಣ ಕಟ್ಟು ಕಟ್ಕೋಬಾರ್ದೇನಕ್ಕಾ? ಯಾವ ಒಲೆ ಕಾಯ್ತಾ ಕೂತದೆ ನಿನ್ನ ಸೌದೆಗೆ?"

"ಸಣ್ಣದು ಇಟ್ರೆ ಅವಳಿಗೆ ಏನು ಇಳಿದಂಗಾಯ್ತು?" ಅನ್ನುವಳು. "ಎತ್ತು, ಮಾತು ಸಾಕು."

ನಾನು ಹೇಳಿದ್ದು ಸುಳ್ಳಲ್ಲ. ಅಷ್ಟರಲ್ಲಿ ಕಾಲ ತಿರುಗಿತ್ತು. ಮನೆ ಮನೆಗೆ ಗ್ಯಾಸು ಬಂತು, ಕಮುದಿಯ ಹೋಟೆಲುಗಳಿಗೂ ಬಂತು. ಇಟ್ಟಿಗೆ ಗೂಡಿಗೆ ಟ್ರ್ಯಾಕ್ಟರು ಸೌದೆ ಹಾಕತೊಡಗಿತು. ಹೆಂಗಸರ ಸಾಲು ಕರಗಿತು. ಕೆಲವರು ನೂರು ದಿನದ ಕೆಲಸಕ್ಕೆ ಹೋದರು, ಕೆಲವರು ಶೇರ್ ಆಟೋದಲ್ಲಿ ಕೂತು ಕಮುದಿಯ ಬಟ್ಟೆ ಅಂಗಡಿಗಳಲ್ಲಿ ಕಸ ಗುಡಿಸಲು ಹೋದರು. ಕೂಡಿ ಹೋಗಿ ಕೂಡಿ ಬರುತ್ತಿದ್ದವರಲ್ಲಿ ಉಳಿದವಳು ಅವಳೊಬ್ಬಳು. ಅದೇ ದಾರಿ, ಅದೇ ಹೊತ್ತು, ತಲೆಯ ಮೇಲೆ ಯಾರಿಗೂ ಬೇಡದ ಸೌದೆ. ಕಲ್ಲಿನ ಮೇಲಿಟ್ಟು, ಮತ್ತೆ ಎತ್ತಿಸಿಕೊಂಡು, ಮನೆಗೆ ಒಯ್ದು ಹಿತ್ತಲಲ್ಲಿ ಒಟ್ಟುತ್ತಿದ್ದಳು. ಅಲ್ಲಿ ಅದು ಗೆದ್ದಲು ತಿನ್ನುತ್ತಿತ್ತು.

"ಮುದುಕಿಗೆ ತಲೆ ಕೆಟ್ಟೈತೆ," ಅಂದಳು ಮಾರಿಯಾಯಿ ಒಂದು ದಿನ, ಬಾಣಲೆಗೆ ವಡೆ ಬಿಡುತ್ತಾ. "ಈ ವಯಸ್ಸಲ್ಲಿ ಪೆರುಂಬಾರಂ."

"ಬಾಯ್ ಮುಚ್ಕೊಂಡು ವಡೆ ತಿರುವು" ಅಂದೆ. ಆದರೂ ಸಂಜೆ ಅವಳೇ ಒಂದು ಪಾತ್ರೆಯಲ್ಲಿ ಮೀನು ಸಾರು ಹಾಕಿಕೊಂಡು ಇರುಳಾಯಿಯ ಮನೆಗೆ ಹೋಗಿ ಬಂದಳು. ಬಂದವಳು ಊಟ ಮಾಡದೆ ಮಲಗಿದಳು. "ಆ ಮನೇಗೆ ಮೆಟ್ಟಿಲೇ ಇಲ್ಲ ಕಣ್ರೀ," ಅಂದಳು. "ಒಬ್ಬಳೇ ಹತ್ತಕ್ಕಾಗದೆ ಬಾಗಿಲು ಚೌಕಟ್ಟು ಹಿಡ್ಕೊಂಡು ತೆವಳ್ತಾಳೆ. ಇನ್ನೊಂದು ಕಲ್ಲು ಹಾಕ್ಸಿಕೊಡಿ." ಮಾರನೆಯ ದಿನವೇ ಹಾಕಿಸಿದೆ. ಇರುಳಾಯಿ ಬೇಡವೆಂದೂ ಅನ್ನಲಿಲ್ಲ, ಒಳ್ಳೆಯದಾಯಿತೆಂದೂ ಅನ್ನಲಿಲ್ಲ.

ಸೇವುಗ ಅದೇ ರಸ್ತೆಯಲ್ಲಿ ವಾರಕ್ಕೊಮ್ಮೆ ಸಂತೆಗೆ ಹೋಗುತ್ತಿದ್ದ, ಮೊದಲು ಸೈಕಲ್ಲಿನಲ್ಲಿ, ಆಮೇಲೆ ಬೈಕಿನಲ್ಲಿ. ಕಲ್ಲಿನ ಹತ್ತಿರ ಬಂದಾಗ ಗಾಡಿಯ ಸದ್ದು ಜೋರಾಗುತ್ತಿತ್ತು. ಇರುಳಾಯಿ ತಲೆ ಎತ್ತಿ, ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದಳು. ಅಷ್ಟೂ ವರ್ಷ ಅವಳು ಅವನನ್ನು ಕೂಗಲಿಲ್ಲ, ಅವನು ನಿಲ್ಲಿಸಲಿಲ್ಲ. ನಾನಾಗಿದ್ದರೆ ಕಲ್ಲು ಬೀರುತ್ತಿದ್ದೆ. ಅವಳ ತಾಳ್ಮೆ ಕಂಡರೆ ನನಗೆ ಅವಳ ಮೇಲೇ ರೇಗುತ್ತಿತ್ತು.

ಗುರುವಮ್ಮ ಸತ್ತ ಮೇಲಿನ ಮಾತು ಇದು. ಒಂದು ಬೆಳಿಗ್ಗೆ ಸೇವುಗನ ಬೈಕು ಬಂದು ನನ್ನ ಅಂಗಡಿಯ ಮುಂದೆ ನಿಂತಿತು. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು. ಹಿಂದಿನ ಸೀಟಿಗೆ ಹಸಿ ಜಾಲಿಯ ಕಟ್ಟೊಂದನ್ನು ಹಗ್ಗದಿಂದ ಬಿಗಿದಿದ್ದ. ಎರಡು ಮುಂಗೈಯಲ್ಲೂ ಮುಳ್ಳು ಗೀರಿ ರಕ್ತ ಒಣಗಿತ್ತು.

"ಟೀನಾ?" ಅಂದೆ.

"ಬೇಡಣ್ಣಾ." ನಿಂತೇ ಇದ್ದ. "ಒಂದು ಸಿಂಬೆ ಇದ್ರೆ ಕೊಡ್ತೀರಾ?"

ನನಗೆ ಅರ್ಥವಾಯಿತು. ಆದರೂ ಸುಮ್ಮನೆ ಕೊಡುವ ಜಾಯಮಾನ ನನ್ನದಲ್ಲ. "ಯಾಕಪ್ಪಾ, ಬೈಕಿಗೆ ತಲೆನೋವಾ? ಅದೇ ಹೊತ್ಕೊಂಡು ಬಂದೈತಲ್ಲ."

ಅವನು ಸಿಟ್ಟಾಗಲಿಲ್ಲ. "ಚಿಕ್ಕ ಮಗಳು ಬಸುರಿ ಅಣ್ಣಾ. ಮನೇಲವ್ಳೆ. ಕೊಡ ಎತ್ಕೊಂಡು ಹೊರಗೆ ಹೊರಟಿದ್ಲು ನಿನ್ನೆ. ನೋಡ್ದೆ. ಅಲ್ಲೇ ಕೂತ್ಬಿಟ್ಟೆ." ಸೀಟಿನ ಹಗ್ಗ ಬಿಚ್ಚತೊಡಗಿದ. "ಅವ್ವ ಇರೋವರ್ಗೂ ಆಗ್ಲಿಲ್ಲ. ಆಮೇಲೂ ಆಗ್ಲಿಲ್ಲ."

ಹೆಗಲ ಮೇಲಿನ ಟವಲನ್ನು ಸುತ್ತಿ ಸಿಂಬೆ ಮಾಡಿ ಅವನ ತಲೆಯ ಮೇಲೆ ಇಟ್ಟೆ. ಕಟ್ಟು ಎತ್ತಿಕೊಟ್ಟೆ. ಹಸಿ ಸೌದೆ, ಕಟ್ಟಿದ್ದೂ ಸರಿಯಿರಲಿಲ್ಲ, ಹಿಂದಕ್ಕೆ ಜಗ್ಗುತ್ತಿತ್ತು. ಹುಟ್ಟಿದಂದಿನಿಂದ ತಲೆಯ ಮೇಲೆ ಏನೂ ಹೊರದ ಗಂಡಸು, ಕುಡಿದವನ ಹಾಗೆ ಹೆಜ್ಜೆ ಇಡುತ್ತಾ ಹೊರಟ. ಬಿದ್ದು ಸೊಂಟ ಮುರಿದುಕೊಂಡರೆ ನನ್ನ ಮೇಲೆ ಬರುತ್ತದೆಂದು ನಾನು ಹಿಂದೆಯೇ ನಡೆದೆ. ಒಲೆಯ ಮೇಲೆ ಹಾಲು ಉಕ್ಕಿದರೂ ಉಕ್ಕಲಿ ಅನಿಸಿತು.

ಇರುಳಾಯಿ ಕಲ್ಲಿನ ನೆರಳಲ್ಲಿ ಕೂತಿದ್ದಳು. ಕಲ್ಲಿನ ಮೇಲೆ ಅವಳ ಹೊರೆ. ಬರುತ್ತಿರುವವನನ್ನು ಕಂಡು ಕಣ್ಣು ಕಿರಿದು ಮಾಡಿ ನೋಡಿದಳು. ಯಾರೆಂದು ಗೊತ್ತಾದ ಮೇಲೆ ನಿಧಾನಕ್ಕೆ ಕಲ್ಲು ಹಿಡಿದು ಎದ್ದಳು. ತನ್ನ ಹೊರೆಯನ್ನು ಎರಡು ಕೈಯಿಂದ ತಳ್ಳಿ ಆಚೆಗೆ ಬೀಳಿಸಿ ಜಾಗ ಮಾಡಿದಳು.

ಸೇವುಗ ಬಂದು ನಿಂತ. ಬಗ್ಗಲು ನೋಡಿದ, ಆಗಲಿಲ್ಲ. ಕಾಲು ನಡುಗಿ ಹೊರೆ ವಾಲಿತು. ನಾನು ಕೈ ಹಾಕಲು ಮುಂದೆ ಹೋದೆ.

"ನೀನು ಮುಟ್ಬೇಡ ತಮ್ಮಾ," ಅಂದಳು ಇರುಳಾಯಿ. ಆಮೇಲೆ ಅವನಿಗೆ, ಮಗುವಿಗೆ ನಡೆಯಲು ಕಲಿಸುವವರ ದನಿಯಲ್ಲಿ, "ಸೊಂಟ ಬಗ್ಗಿಸ್ಬೇಡ. ಮೊಣಕಾಲು ಮಡಚು. ಇನ್ನೂ ಸ್ವಲ್ಪ. ಉಸಿರು ಬಿಗಿ ಹಿಡಿ. ಇನ್ನೂ ಕೆಳಗೆ. ಅವಳು ಕುಳ್ಳಿ ಅಲ್ವಾ... ಹಾಂ. ಈಗ ತಲೆ ಸರಿಸು" ಅಂದಳು.

ಹೊರೆ ಕಲ್ಲಿನ ಮೇಲೆ ಕೂತಿತು. ಸೇವುಗ ಮೊಣಕಾಲ ಮೇಲೆಯೇ ಉಳಿದ. ಹಣೆಯನ್ನು ಕಲ್ಲಿಗೆ ಒತ್ತಿದ್ದ.

"ಇಳಿಸಿರಲಿಲ್ಲ ಅತ್ತೆ," ಅಂದ. "ಸೂಲಗಿತ್ತಿ ಬರ್ಲೇ ಇಲ್ಲ. ಹಂಗೇ ಮಣ್ಣು ಮಾಡಿದ್ವಿ."

"ಗೊತ್ತು ಕಣಪ್ಪಾ. ಕೈ ಇಟ್ಟಿದ್ದೆನಲ್ಲ."

"ನೀರು ಹೊರ್ಬೇಡ ಅಂತ ಒಂದು ಮಾತು ಹೇಳ್ಬೋದಿತ್ತು ನಾನು. ನೋಡ್ತಾ ನಿಂತಿದ್ದೆ."

ಪರವಾಗಿಲ್ಲ ಎಂದು ಇರುಳಾಯಿ ಹೇಳಬಹುದೆಂದು ನಾನು ಕಾದೆ. ಹೇಳಲಿಲ್ಲ, ಒಳ್ಳೆಯದೇ ಆಯಿತು. "ಮಗಳಿಗೆ ಯಾವ ತಿಂಗಳು?" ಅಂದಳು.

"ಎಂಟು."

"ಕೊಡ ನೀನು ಹೊರು."

ಅವನು ಕಣ್ಣೊರೆಸಿಕೊಂಡು ಎದ್ದು ಹೋದ. ಇರುಳಾಯಿ ಅವನು ತಂದ ಹೊರೆಯ ಹಗ್ಗ ಬಿಚ್ಚಿ, ಸರಿಯಾಗಿ ಜೋಡಿಸಿ, ಬಿಗಿದು ಕಟ್ಟಿ, ಕಲ್ಲಿನ ಮೇಲೆಯೇ ಬಿಟ್ಟಳು. ತನ್ನದು ನೆಲದಲ್ಲಿ ಬಿದ್ದಿತ್ತು. ನಾನು ಎತ್ತಿಕೊಡಲು ಬಗ್ಗಿದೆ. "ಬೇಡ, ಇನ್ನು ಅದ್ಯಾಕೆ" ಅಂದಳು. ಬರಿದಲೆಯಲ್ಲಿ ಮನೆಯ ಕಡೆ ಹೊರಟಳು. ನಾನು ಅವಳನ್ನು ಹಾಗೆ ನೋಡಿದ್ದೇ ಇಲ್ಲ. ಕತ್ತು ಇನ್ನೂ ಬಿಗಿಯಾಗಿಯೇ ಇತ್ತು, ಕಾಲು ಮಾತ್ರ ಎಲ್ಲೆಲ್ಲೋ ಬೀಳುತ್ತಿತ್ತು.

ಅಂಗಡಿಯಲ್ಲಿ ಆ ದಿನ ಬಂದವರಿಗೆಲ್ಲ ನಾನು ಇದನ್ನು ಹೇಳಿದೆ, ಮೇಲಕ್ಕುಡಿಯವರಿಗೆ ಎರಡೆರಡು ಸಲ ಹೇಳಿದೆ. ಅಂದು ಪಂಚಾಯಿತಿಯಲ್ಲಿ ನಕ್ಕಿದ್ದವರಲ್ಲಿ ಒಬ್ಬ ಬದುಕಿದ್ದ. ಅವನಿಗೆ ಟೀ ಕೊಡುವ ಮುಂಚೆಯೇ ಹೇಳಿದೆ. ನನಗೆ ಹಬ್ಬದ ಹಾಗಿತ್ತು. ಎಷ್ಟು ವರ್ಷ ಕಾದು ಗೆದ್ದಳು ನೋಡಿ ಎಂದು ನಾನೇ ಗೆದ್ದವನ ಹಾಗೆ ಮೆರೆದೆ. ಮಾರಿಯಾಯಿ ಪಾಯಸ ಮಾಡಿ ಇರುಳಾಯಿಗೆ ಕೊಟ್ಟು ಬಂದಳು.

ಮಾರನೆಯ ಬೆಳಿಗ್ಗೆ ಅದೇ ಹೊತ್ತಿಗೆ ಇರುಳಾಯಿ ಬಂದಳು. ಕಾಡಿನ ಕಡೆಯಿಂದಲ್ಲ, ಊರ ಕಡೆಯಿಂದ. ಸ್ನಾನ ಮಾಡಿದ್ದಳು. ಅಂಗಡಿಯ ಮುಂದೆ ನಿಂತಳು. ಮೊದಲ ಸಲ ಬೆಂಚಿನ ಮೇಲೆ ಕೂತಳು. ಟೀ ಕೊಟ್ಟೆ, ಕುಡಿದಳು. ಲೋಟ ತೊಳೆದು ಇಟ್ಟಳು. ಮತ್ತೆ ಕೂತಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು, ತೆಗೆದಳು, ಬೆಂಚಿನ ಮೇಲೆ ಇಟ್ಟಳು. ದಾರಿಯಲ್ಲಿ ಒಂದು ಆಟೋ ಹೋಯಿತು. ಕಲ್ಲಿನ ಕಡೆ ನೋಡಲಿಲ್ಲ.

"ಇನ್ನು ಹಾಯಾಗಿರು ಅಕ್ಕಾ," ಅಂದೆ. "ಎಲ್ಲಾ ಇಳೀತು."

"ಹೂಂ," ಅಂದಳು. "ನಿನ್ನೆ ಮಲಗಿದಾಗ ಅವಳ ಜತೆ ಮಾತಾಡಾಣ ಅಂತ ನೋಡ್ದೆ. ಇಲ್ಲ ಅವಳು. ಹೋಗ್ಬಿಟ್ಟವಳೆ."

ಬಾಯಿಬಡುಕನೆಂದು ಹೆಸರಾದವನು ನಾನು, ಒಲೆ ಕೆದಕುತ್ತಾ ನಿಂತೆ. ಬಿಸಿಲು ಏರಿತು. ಗಿರಾಕಿಗಳು ಬಂದು ಹೋದರು. ಅವಳು ಕೂತೇ ಇದ್ದಳು. ಕೊನೆಗೆ ಎದ್ದು ನನ್ನ ಹತ್ತಿರ ಬಂದು, ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿದಳು.

"ಸಾಮಿ ತಮ್ಮಾ, ಎಲ್ಲಿಗಾದ್ರೂ ಏನಾದ್ರೂ ಹೊತ್ಕೊಂಡು ಹೋಗೋದು ಐತೇನಪ್ಪಾ?"